ಬಾಖ್ ಬೇರೆ, ಮೊಜಾರ್ಟ್ ಬೇರೆ ಅಂತಾರಲ್ಲ, ಕಿವಿಗೆ ಅದು ಹೇಗೆ ಗೊತ್ತಾಗೋದು?

ಪಿಯಾನೊ ಅಪ್ಪ:

ಎಲ್ಲರಿಗೂ ನಮಸ್ಕಾರ. ನಲವತ್ತು ದಾಟಿದ ಮೇಲೆ ಮಗಳ ಜೊತೆ ಪಿಯಾನೊ ಕಲಿಯಲು ಕೂತವನು ನಾನು. ಅವಳಿಗೆ ಹನ್ನೆರಡು, ಕೈ ನನಗಿಂತ ಎಷ್ಟೋ ಚುರುಕು. ಹೋದ ವಾರ ಅವಳ ಗ್ರೇಡ್ ಪರೀಕ್ಷೆಯ ಫಲಿತಾಂಶ ಬಂತು. ಪಾಸಾಗಿದ್ದಾಳೆ, ಅದೇನೂ ತೊಂದರೆ ಇಲ್ಲ. ಆದರೆ ಪರೀಕ್ಷಕರು ಬರೆದ ಷರಾ ಓದಿ ನನಗೆ ತಲೆ ಕೆಟ್ಟಿತು.

ಅವಳು ನುಡಿಸಿದ್ದು ಬಾಖ್‌ನ ಇನ್ವೆನ್ಷನ್ ನಂಬರ್ 1 ಮತ್ತು ಮೊಜಾರ್ಟ್‌ನ ಸೊನಾಟಾ ಕೆ. 545ರ (ಕೆ. ಅಂದರೆ ಮೊಜಾರ್ಟ್ ಕೃತಿಗಳ ಪಟ್ಟಿಯ ಸಂಖ್ಯೆ) ಮೊದಲ ಭಾಗ. ಬಾಖ್‌ಗೆ "ಪೆಡಲ್ ಜಾಸ್ತಿ, ಎರಡು ದನಿ ಬೇರೆ ಬೇರೆಯಾಗಿ ಕೇಳಲಿಲ್ಲ" ಅಂತ ಬರೆದಿದ್ದಾರೆ. ಮೊಜಾರ್ಟ್‌ಗೆ "ಎಡಗೈ ಜೋರು, ಸಾಲುಗಳಿಗೆ ಉಸಿರಿಲ್ಲ" ಅಂತ. ಒಂದರಲ್ಲಿ ಎಡಗೈ ಕೇಳಲಿಲ್ಲ ಅಂತ ಮಾರ್ಕ್ಸ್ ಹೋಯಿತು, ಇನ್ನೊಂದರಲ್ಲಿ ಎಡಗೈ ಕೇಳಿತು ಅಂತ ಹೋಯಿತು!

ನನ್ನ ಕಿವಿಗೆ ಎರಡೂ ಒಂದೇ ಜಾತಿ. ಎರಡೂ ಸಿ ಮೇಜರ್, ಅಂದರೆ ಎರಡಕ್ಕೂ ಸಿ ಸ್ವರವೇ ಮನೆ. ಎರಡರಲ್ಲೂ ಎರಡು ಕೈ ಓಡುತ್ತಲೇ ಇರುತ್ತವೆ. ಯೂಟ್ಯೂಬ್‌ನಲ್ಲಿ ಹುಡುಕಿದರೆ "ಬರೋಕ್ ಅಂದರೆ ಅಲಂಕಾರ, ಕ್ಲಾಸಿಕಲ್ ಅಂದರೆ ಸರಳ" ಅಂತ ಹೇಳಿ, ಬಾಖ್ ಬರೋಕ್, ಮೊಜಾರ್ಟ್ ಕ್ಲಾಸಿಕಲ್ ಅಂತ ಮುಗಿಸುತ್ತಾರೆ. ಕೇಳುವಾಗ ಯಾವುದನ್ನು ಹಿಡಿದುಕೊಂಡು ಕೇಳಬೇಕು? ಥಿಯರಿ ನನಗೆ ಅಷ್ಟಕ್ಕಷ್ಟೇ, ದಯವಿಟ್ಟು ಮೆಲ್ಲಗೆ ಹೇಳಿ.


ಚೆಲ್ಲೊ ಹಿಡಿದವ:

ಮಗಳಿಗೆ ಅಭಿನಂದನೆ ಹೇಳಿ ಸರ್. ಬೇಜಾರು ಮಾಡಿಕೊಳ್ಳಬೇಡಿ, ಆ ಪರೀಕ್ಷಕರ ಎರಡು ಸಾಲಿನಲ್ಲೇ ನಿಮ್ಮ ಪ್ರಶ್ನೆಯ ಅರ್ಧ ಉತ್ತರ ಇದೆ.

ಮೊದಲು ಹೆಸರಿನ ಗೊಂದಲ ತೆಗೆಯೋಣ. ನಾವು ಸುಮ್ನೆ ಮಾತಿಗೆ "ವೆಸ್ಟರ್ನ್ ಕ್ಲಾಸಿಕಲ್" ಅಂದಾಗ ಬಾಖ್‌ನಿಂದ ಹಿಡಿದು ಎಲ್ಲರೂ ಅದರೊಳಗೆ ಬರುತ್ತಾರೆ. ಇಲ್ಲಿ ಕ್ಲಾಸಿಕಲ್ ಅಂದರೆ ಒಂದು ಕಾಲ ಮಾತ್ರ, ಹೆಚ್ಚುಕಮ್ಮಿ 1750ರಿಂದ 1820ರ ತನಕ. ಹೈಡನ್, ಮೊಜಾರ್ಟ್, ಬೀಥೋವನ್ ಅವರ ಕಾಲ. ಬರೋಕ್ ಅದಕ್ಕೆ ಹಿಂದಿನ ನೂರೈವತ್ತು ವರ್ಷ. ಮಾಂಟೆವರ್ಡಿ, ವಿವಾಲ್ಡಿ, ಹ್ಯಾಂಡಲ್, ಬಾಖ್. ಬಾಖ್ ತೀರಿಕೊಂಡಿದ್ದು 1750ರಲ್ಲಿ, ಅದಕ್ಕೇ ಗೆರೆಯನ್ನು ಅಲ್ಲಿ ಎಳೆದಿದ್ದಾರೆ. ಮಾರನೇ ದಿನ ಎದ್ದು ಯಾರೂ "ಇವತ್ತಿನಿಂದ ಹೊಸ ಕಾಲ" ಅಂತ ಬೋರ್ಡ್ ತಗುಲಿಸಲಿಲ್ಲ.

ಈಗ ಪಿಯಾನೊ ಹತ್ತಿರ ಹೋಗಿ, ಮಗಳಿಗೆ ಎಡಗೈ ಮಾತ್ರ ನುಡಿಸಲು ಹೇಳಿ.

ಇನ್ವೆನ್ಷನ್‌ನಲ್ಲಿ ಬಲಗೈ ಸಿ ಡಿ ಇ ಎಫ್ ಡಿ ಇ ಸಿ ಅಂತ ಒಂದು ಪುಟ್ಟ ಮಾತು ಆಡಿ ಜಿಗೆ ಹೋಗುತ್ತದೆ. ಅಷ್ಟರಲ್ಲಿ ಎಡಗೈ ಅದೇ ಮಾತನ್ನು ಒಂದು ಆಕ್ಟೇವ್ (ಸ್ಥಾಯಿ) ಕೆಳಗೆ ಆಡುತ್ತದೆ. ಬಾರ್ ಅಂದರೆ ಶೀಟ್ ಮೇಲೆ ಎರಡು ಉದ್ದಗೆರೆಗಳ ನಡುವಿನ ತಾಳದ ತುಂಡು. ಎರಡನೇ ಬಾರ್‌ನಲ್ಲಿ ಅದೇ ಮಾತು ಜಿಯಿಂದ ಶುರು. ಮುಂದೆ ಅದೇ ಮಾತನ್ನು ತಲೆಕೆಳಗೆ ಮಾಡಿ ಆಡುತ್ತಾರೆ. ಎಡಗೈ ಒಂದನ್ನೇ ನುಡಿಸಿದರೂ ಅದೊಂದು ಪೂರ್ತಿ ರಾಗದ ಸಾಲಿನ ಹಾಗೆ ಕೇಳುತ್ತದೆ. ಬಾಖ್ 1723ರಲ್ಲಿ ಈ ಪುಸ್ತಕದ ಮೊದಲ ಪುಟದಲ್ಲೇ ಬರೆದಿದ್ದಾನೆ: ಎರಡು ದನಿಗಳನ್ನು ಶುದ್ಧವಾಗಿ ನುಡಿಸಲು ಕಲಿಯುವವರಿಗಾಗಿ ಇದು ಅಂತ. ಪರೀಕ್ಷಕರು ಕೇಳಿದ್ದೂ ಅದನ್ನೇ.

ಈಗ ಕೆ. 545. ಎಡಗೈ ಸಿ ಜಿ ಇ ಜಿ, ಸಿ ಜಿ ಇ ಜಿ. ಎರಡನೇ ಬಾರ್‌ನಲ್ಲಿ ಡಿ ಜಿ ಎಫ್ ಜಿ, ಮತ್ತೆ ಸಿ ಜಿ ಇ ಜಿ. ಇಷ್ಟನ್ನೇ ನುಡಿಸುತ್ತಾ ಕೂತರೆ ಮನೆಯವರು ಎದ್ದು ಹೋಗುತ್ತಾರೆ. ಇದರಲ್ಲಿ ಮಾತೇ ಇಲ್ಲ. ಒಂದು ಕಾರ್ಡನ್ನು (ಒಟ್ಟಿಗೆ ನುಡಿಸುವ ಸ್ವರಗಳ ಗುಂಪನ್ನು) ಬಿಡಿಸಿ ತೂಗುತ್ತಿದ್ದಾರೆ, ಅಷ್ಟೇ. ಬಲಗೈ ಹಾಡು, ಎಡಗೈ ತೊಟ್ಟಿಲು. ಇದಕ್ಕೆ ಆಲ್ಬರ್ಟಿ ಬೇಸ್ (ಬೇಸ್ ಅಂದರೆ ಎಲ್ಲಕ್ಕಿಂತ ಕೆಳಗಿನ ದನಿ) ಅಂತ ಹೆಸರು, ಇದನ್ನು ತುಂಬಾ ಬಳಸಿದ ಡೊಮೆನಿಕೊ ಆಲ್ಬರ್ಟಿ ಅನ್ನುವ ಇಟಲಿಯವನ ಹೆಸರು. ತೊಟ್ಟಿಲು ಕಿರಗುಟ್ಟಿದರೆ ಹಾಡು ಕೇಳುತ್ತಾ? ಅದಕ್ಕೇ "ಎಡಗೈ ಜೋರು" ಅಂದಿದ್ದು.

ಬರೋಕ್‌ನಲ್ಲಿ ಬೇಸ್ ನಡೆಯುತ್ತದೆ. ಕ್ಲಾಸಿಕಲ್‌ನಲ್ಲಿ ಬೇಸ್ ಸುಮಾರು ಹೊತ್ತು ಒಂದೇ ಕಡೆ ಕೂತು ಮೇಲಿನ ಹಾಡಿಗೆ ಜಾಗ ಬಿಡುತ್ತದೆ. ನಾನು ಚೆಲ್ಲೊದವನು, ಇದನ್ನು ನನ್ನ ಭುಜ ಹೇಳುತ್ತದೆ. ಬರೋಕ್ ನುಡಿಸಿದ ದಿನ ನನಗೆ ಒಂದು ಬಾರ್ ಕೂಡ ರಜೆ ಇರುವುದಿಲ್ಲ. ಹೈಡನ್‌ನ ಮೊದಮೊದಲ ಸಿಂಫನಿ ನುಡಿಸಿದ ದಿನ ಒಂದೇ ನೋಟನ್ನು ಎಂಟೆಂಟು ಸಲ ಕುಟ್ಟಿ ಮನೆಗೆ ಬರುತ್ತೇನೆ.


ಚೌಕಾಸಿ:

ಒಂದು ನಿಮಿಷ. ಬಾಖ್‌ನ ಸಿ ಮೇಜರ್ ಪ್ರೆಲ್ಯೂಡ್ ಇದೆಯಲ್ಲ, 'ವೆಲ್ ಟೆಂಪರ್ಡ್ ಕ್ಲೇವಿಯರ್' ಮೊದಲ ಪುಸ್ತಕದ ಮೊಟ್ಟಮೊದಲನೆಯದು, ಮೊಬೈಲ್ ರಿಂಗ್‌ಟೋನ್ ಆಗಿ ಸವೆದು ಹೋಗಿರುವುದು. ಅದೂ ಕಾರ್ಡ್ ಬಿಡಿಸಿ ತೂಗುವುದೇ ಅಲ್ವಾ? ನಿಮ್ಮ ಲೆಕ್ಕದಲ್ಲಿ ಅದು ಕ್ಲಾಸಿಕಲ್ ಆಗಬೇಕಿತ್ತು.


ಚೆಲ್ಲೊ ಹಿಡಿದವ:

ಈ ಚೌಕಾಸಿ ಬರುತ್ತದೆ ಅಂತ ಗೊತ್ತಿತ್ತು. ಕಾರ್ಡ್ ಬಿಡಿಸಿದ್ದು ನಿಜ. ಆದರೆ ಅದರ ಮೇಲೆ ಹಾಡು ಎಲ್ಲಿದೆ? ತೊಟ್ಟಿಲೇ ಇಡೀ ಸಂಗೀತ. (ನೂರಕ್ಕೂ ಜಾಸ್ತಿ ವರ್ಷ ಆದ ಮೇಲೆ ಗುನೊ ಅನ್ನುವವನು ಅದರ ಮೇಲೆ ಒಂದು ಹಾಡು ಕೂರಿಸಿದ, ಅದು ಬೇರೆ ಕಥೆ.) ಬೇಸ್ ನೋಟ್‌ಗಳನ್ನಷ್ಟೇ ಆರಿಸಿ ನುಡಿಸಿ ನೋಡಿ, ನಿಧಾನಕ್ಕೆ ಒಂದೊಂದೇ ಮೆಟ್ಟಿಲು ಇಳಿಯುತ್ತಾ ಹೋಗುತ್ತದೆ.

ಆದರೆ ನೀವು ಇನ್ನೊಂದು ಮುಖ್ಯ ವಿಷಯಕ್ಕೆ ಬಾಗಿಲು ತೆಗೆದಿರಿ. ಆ ಪ್ರೆಲ್ಯೂಡ್ 35 ಬಾರ್ ಇದೆ. ಅದರಲ್ಲಿ ಮೊದಲ 32 ಬಾರ್ ಅದೇ ಕೈಚಳಕ, ಅದೇ ನಡೆ, ಒಂದಿನಿತೂ ಬದಲಾವಣೆ ಇಲ್ಲ. ಬರೋಕ್‌ನವರಿಗೆ ಒಂದು ತುಣುಕಿಗೆ ಒಂದು ಭಾವ. ದುಃಖ ಅಂದರೆ ಕೊನೆಯ ತನಕ ದುಃಖ, ಕುಣಿತ ಅಂದರೆ ಕೊನೆಯ ತನಕ ಕುಣಿತ.

ಈಗ ಮೊಜಾರ್ಟ್‌ನ ಕೆ. 332, ಎಫ್ ಮೇಜರ್ ಸೊನಾಟಾ ಹಾಕಿ. ಶುರುವಿನಲ್ಲಿ ಯಾರೋ ಹಾಡುತ್ತಿರುವ ಹಾಗೆ ಇದೆ. ಹತ್ತು ಹನ್ನೆರಡು ಬಾರ್ ಆಗುವಷ್ಟರಲ್ಲಿ ಬೇಟೆಯ ಕೊಂಬು ಊದಿದ ಹಾಗೆ ಕೇಳುತ್ತದೆ. ಇಪ್ಪತ್ತು ಬಾರ್ ದಾಟಿದ್ದೇ ತಡ, ಡಿ ಮೈನರ್‌ಗೆ ಹಾರಿ ಗುಡುಗು ಸಿಡಿಲು. ಇನ್ನೂ ಮೊದಲ ಪುಟ ಮುಗಿದಿಲ್ಲ! ಬಾಖ್ ಇದನ್ನು ಕೇಳಿದ್ದರೆ "ಇವನಿಗೆ ಏನು ಬೇಕೋ ಇವನಿಗೇ ಗೊತ್ತಿಲ್ಲ" ಅನ್ನುತ್ತಿದ್ದನೋ ಏನೋ.


ವೀಣೆ ಕ್ಲಾಸ್:

ನಾನು ನಲವತ್ತು ವರ್ಷದಿಂದ ವೀಣೆ ಹೇಳಿಕೊಡುವವಳು. ಮೊಮ್ಮಗ ಅಮೆರಿಕದಿಂದ ಬಂದಾಗ ಬಾಖ್ ಕೇಳಿಸುತ್ತಾನೆ, ನನಗೆ ಹಿಡಿಸುತ್ತದೆ. ಮೊಜಾರ್ಟ್ ಹಾಕಿದರೆ ಚೆನ್ನಾಗಿದೆ ಅನಿಸುತ್ತದೆ, ಆದರೆ ಮನಸ್ಸು ಕೂರುವುದಿಲ್ಲ. ಆಗಾಗ ನಿಂತು ನಿಂತು ಹೋಗುತ್ತದೆ. ಯಾಕೆ ಅಂತ ಈಗ ಸ್ವಲ್ಪ ಗೊತ್ತಾಯಿತು. ಒಂದೇ ಭಾವದಲ್ಲಿ ಮುಳುಗುವುದು ನಮಗೆ ಅಭ್ಯಾಸ ಅಲ್ವಾ.


ಚೆಲ್ಲೊ ಹಿಡಿದವ:

ಅಮ್ಮಾ, "ನಿಂತು ನಿಂತು ಹೋಗುತ್ತದೆ" ಅಂದಿರಲ್ಲ, ಅದನ್ನೇ ಪರೀಕ್ಷಕರು "ಉಸಿರು" ಅಂದಿದ್ದು! ಕೆ. 545ರಲ್ಲಿ ಬಲಗೈ ಎರಡು ಬಾರ್ ಹಾಡಿ ಒಂದು ಚಿಕ್ಕ ವಿರಾಮ ಕೊಡುತ್ತದೆ. ಮತ್ತೆರಡು ಬಾರ್ ಅದಕ್ಕೆ ಜವಾಬು. ಎರಡು, ಎರಡು, ನಾಲ್ಕು, ಎಂಟು, ಹೀಗೆ ಜೋಡಿ ಜೋಡಿಯಾಗಿ ಕಟ್ಟುತ್ತಾರೆ. ಪ್ರಶ್ನೆ, ಉತ್ತರ, ಅಲ್ಪವಿರಾಮ, ಪೂರ್ಣವಿರಾಮ. ಮೊಜಾರ್ಟ್ ಆಮೇಲೆ ಇದನ್ನು ಬೇಕಂತಲೇ ಮುರಿಯುತ್ತಾನೆ, ಆದರೆ ಮುರಿಯುವುದಕ್ಕೆ ಮೊದಲು ಕಟ್ಟಿರಬೇಕು ಅಲ್ವಾ.

ಬಾಖ್‌ನ ಸಾಲು ಹಾಗಲ್ಲ. ಒಂದು ದನಿ ಉಸಿರು ತೆಗೆದುಕೊಳ್ಳುವ ಹೊತ್ತಿಗೆ ಇನ್ನೊಂದು ಶುರು ಮಾಡಿರುತ್ತದೆ. ನೂಲು ತೆಗೆದ ಹಾಗೆ ಎಳೆ ಬರುತ್ತಲೇ ಇರುತ್ತದೆ. ಎಲ್ಲಿ ಕತ್ತರಿಸಬೇಕು ಅಂತ ಹುಡುಕಿದರೆ ಕತ್ತರಿ ಇಡಲು ಜಾಗ ಸಿಗುವುದಿಲ್ಲ.


ಸಾಫ್ಟ್‌ವೇರ್ ಸಂಕಟ:

ನನಗೆ ಗೊತ್ತಿರುವ ಸುಲಭ ಉಪಾಯ ಹೇಳಲಾ? ವಾಲ್ಯೂಮ್. ಬರೋಕ್ ಪೂರ್ತಿ ಒಂದೇ ವಾಲ್ಯೂಮ್, ಕ್ಲಾಸಿಕಲ್‌ನಲ್ಲಿ ಜೋರು ಮೆಲ್ಲಗೆ ಇರುತ್ತದೆ. ಮುಗೀತು.


ಪಿಟೀಲು ಪುಟ್ಟಿ:

ಮುಗೀಲಿಲ್ಲ! ವಿವಾಲ್ಡಿಯ 'ಫೋರ್ ಸೀಸನ್ಸ್' ಕೇಳಿದ್ದೀರಾ? 1725ರಲ್ಲಿ ಅಚ್ಚಾಗಿದ್ದು, ಅಪ್ಪಟ ಬರೋಕ್. ಅದರ 'ವಸಂತ'ದ ನಡುವಿನ ನಿಧಾನ ಭಾಗವನ್ನು ನಾನು ವಯೋಲಾದಲ್ಲಿ (ಪಿಟೀಲಿಗಿಂತ ಸ್ವಲ್ಪ ದೊಡ್ಡದು) ನುಡಿಸಿದ್ದೇನೆ. ಕುರಿಗಾಹಿ ಮರದ ಕೆಳಗೆ ಮಲಗಿದ್ದಾನೆ, ಅದು ಸೋಲೊ ವಯಲಿನ್. ಎಲೆ ಮರ್ಮರ, ಅದು ಉಳಿದ ವಯಲಿನ್‌ಗಳು. ಪಕ್ಕದಲ್ಲಿ ಅವನ ನಾಯಿ ಬೊಗಳುತ್ತಿದೆ. ಆ ನಾಯಿಯೇ ವಯೋಲಾ. ಟುಂ ಟುಂ, ಟುಂ ಟುಂ, ಕೊನೆಯ ತನಕ ಅಷ್ಟೇ. ಎಲ್ಲರೂ ಮೆತ್ತಗೆ ನುಡಿಸುತ್ತಿದ್ದರೆ ವಯೋಲಾದವರಿಗೆ ಮಾತ್ರ "ಯಾವಾಗಲೂ ತುಂಬಾ ಜೋರಾಗಿ, ಹರಿದು ಹಾಕುವ ಹಾಗೆ ನುಡಿಸಬೇಕು" ಅಂತ ವಿವಾಲ್ಡಿಯೇ ಬರೆದಿದ್ದಾನೆ. ನಮ್ಮ ಕಂಡಕ್ಟರ್ ಮಾತ್ರ ಪ್ರತಿ ರಿಹರ್ಸಲ್‌ನಲ್ಲೂ "ವಯೋಲಾ, ಮೆಲ್ಲಗೆ" ಅನ್ನುತ್ತಿದ್ದರು. ಕೊನೆಗೆ ಶೀಟ್ ತೋರಿಸಬೇಕಾಯಿತು.

ಹಾಗಾಗಿ ಜೋರು ಮೆಲ್ಲಗೆ ಬರೋಕ್‌ನಲ್ಲೂ ಇದೆ. ಹಾಡುವವರು, ಪಿಟೀಲಿನವರು ಒಂದೇ ಸ್ವರವನ್ನು ಉಬ್ಬಿಸಿ ಇಳಿಸುವುದು ಆಗಲೇ ಇತ್ತು. ಇಲ್ಲದೇ ಇದ್ದದ್ದು ಪಿಯಾನೊಗೆ ಮೊದಲಿದ್ದ ಕೀಬೋರ್ಡ್ ವಾದ್ಯ ಹಾರ್ಪ್ಸಿಕಾರ್ಡ್‌ಗೆ.


ಸಾಫ್ಟ್‌ವೇರ್ ಸಂಕಟ:

ಸರಿ, ಒಪ್ಪಿದೆ. ನಾಯಿಗೆ ನಮಸ್ಕಾರ.


ಲೈಪ್‌ಜಿಗ್‌ನಿಂದ:

ಕೆಲಸದ ಮೇಲೆ ಇಲ್ಲಿಗೆ ಬಂದು ಆರು ವರ್ಷ ಆಯಿತು, ಈ ಚರ್ಚೆಗೆ ಬರದೇ ಇರಲು ಆಗಲಿಲ್ಲ. ಬಾಖ್ 1723ರಿಂದ ಸಾಯುವ ತನಕ ಕೆಲಸ ಮಾಡಿದ್ದು ಇಲ್ಲಿನ ಸೇಂಟ್ ಥಾಮಸ್ ಚರ್ಚ್‌ಗೆ. ಅವನ ಸಮಾಧಿಯೂ ಈಗ ಅದರೊಳಗೇ ಇದೆ. ಮೊದಲು ಬೇರೆ ಚರ್ಚ್‌ನಲ್ಲಿತ್ತು, 1950ರಲ್ಲಿ ಇಲ್ಲಿಗೆ ತಂದರು. ನೆಲದ ಮೇಲೆ ಒಂದು ಕಂಚಿನ ಹಲಗೆ, ಮೇಲೆ ಅವನ ಹೆಸರು, ಯಾರಾದರೂ ಇಟ್ಟ ಹೂವು. ಅಷ್ಟೇ.

ಹಾರ್ಪ್ಸಿಕಾರ್ಡ್ ವಿಷಯಕ್ಕೆ ಬರುತ್ತೇನೆ. ಪರಿಚಯದ ಒಬ್ಬರ ಮನೆಯಲ್ಲಿ ಅದರ ಮುಚ್ಚಳ ತೆಗೆದು ನೋಡುವ ಅವಕಾಶ ಸಿಕ್ಕಿತ್ತು. ಕೀ ಒತ್ತಿದರೆ ಆ ತುದಿಯಲ್ಲಿ ಒಂದು ಮರದ ಪಟ್ಟಿ ಮೇಲೇಳುತ್ತದೆ. ಅದರ ಪಕ್ಕದಲ್ಲಿ ಒಂದು ಪುಟಾಣಿ ಕಡ್ಡಿ ಚಾಚಿಕೊಂಡಿರುತ್ತದೆ, ಹಿಂದೆ ಹಕ್ಕಿಯ ಗರಿಯಿಂದ ಮಾಡುತ್ತಿದ್ದರು, ಈಗ ಪ್ಲಾಸ್ಟಿಕ್ಕೂ ಇದೆ. ಆ ಕಡ್ಡಿ ತಂತಿಯನ್ನು ಮೀಟುತ್ತದೆ. ಉಗುರಿನಿಂದ ಮೀಟಿದ ಹಾಗೇ. ಕೈ ಬಿಟ್ಟರೆ ಪಟ್ಟಿ ಕೆಳಗಿಳಿದು ಬಟ್ಟೆಯ ತುಂಡೊಂದು ತಂತಿಯನ್ನು ಮುಟ್ಟಿ ಸದ್ದು ನಿಲ್ಲಿಸುತ್ತದೆ. ನಾನು ಎಷ್ಟು ಜೋರಾಗಿ ಕುಟ್ಟಿದರೂ ಅಷ್ಟೇ ಸದ್ದು. ಮೆಲ್ಲಗೆ ಒತ್ತಿದರೂ ಅಷ್ಟೇ. ಎರಡು ಕೀಬೋರ್ಡ್ ಇರುವ ವಾದ್ಯವಾದರೆ ಮೇಲಿನದಕ್ಕೆ ಹಾರಿ ಸದ್ದು ಬದಲಿಸಬಹುದು, ಮೆಟ್ಟಿಲು ಹತ್ತಿದ ಹಾಗೆ ಒಮ್ಮೆಲೇ. ಏರುತ್ತಾ ಏರುತ್ತಾ ಹೋಗಲು ಆಗುವುದಿಲ್ಲ.

ಪಿಯಾನೊ ಅಪ್ಪ, ನಿಮ್ಮ ಪೆಡಲ್ ಪ್ರಶ್ನೆಗೆ ಉತ್ತರ ಇಲ್ಲಿದೆ. ಹಾರ್ಪ್ಸಿಕಾರ್ಡ್‌ಗೆ ಸದ್ದನ್ನು ಹಿಡಿದಿಡುವ ಪೆಡಲ್ ಇಲ್ಲ. ಬೆರಳು ಬಿಟ್ಟರೆ ಸದ್ದು ಹೋಯಿತು. ಬಾಖ್ ಬರೆದದ್ದೆಲ್ಲ ಬೆರಳಿನಲ್ಲೇ ಹಿಡಿದು, ಬೆರಳಿನಲ್ಲೇ ಬಿಡುವ ಲೆಕ್ಕದಲ್ಲಿ. ಅದರ ಮೇಲೆ ಪೆಡಲ್ ಒತ್ತಿದರೆ ಎರಡು ದನಿಯೂ ಸಾರಿನಲ್ಲಿ ಬಿದ್ದ ಮುದ್ದೆ ಕರಗಿದ ಹಾಗೆ ಆಗುತ್ತದೆ.

ಪಿಯಾನೊವನ್ನು ಮಾಡಿದ್ದು ಬಾರ್ತೊಲೊಮಿಯೊ ಕ್ರಿಸ್ಟೊಫೊರಿ, ಫ್ಲಾರೆನ್ಸ್‌ನಲ್ಲಿ, 1700ರ ಸುಮಾರಿಗೆ. ಅವನು ಮಾಡಿದ್ದರಲ್ಲಿ ಉಳಿದಿರುವ ಅತ್ಯಂತ ಹಳೆಯದು 1720ರದ್ದು, ನ್ಯೂಯಾರ್ಕ್‌ನ ಮೆಟ್ರೊಪಾಲಿಟನ್ ಮ್ಯೂಸಿಯಂನಲ್ಲಿದೆ. ಅಂದರೆ ಬಾಖ್ ಬದುಕಿದ್ದಾಗಲೇ ಪಿಯಾನೊ ಇತ್ತು. ಜರ್ಮನಿಯಲ್ಲಿ ಜಿಲ್ಬರ್‌ಮನ್ ಮಾಡಿದ ಪಿಯಾನೊ ನೋಡಿ ಬಾಖ್ "ಮೇಲಿನ ಸ್ವರ ಬಲ ಇಲ್ಲ, ಕೀ ಭಾರ" ಅಂತ ತಕರಾರು ಮಾಡಿದ್ದ. ಜಿಲ್ಬರ್‌ಮನ್ ಮುಖ ಊದಿಸಿಕೊಂಡನಂತೆ, ಆದರೆ ವರ್ಷಗಟ್ಟಲೆ ಕೂತು ಸರಿಮಾಡಿದ.

ಮೊಜಾರ್ಟ್ ಹೊತ್ತಿಗೆ ಸೀನ್ ಪೂರ್ತಿ ಬೇರೆ. 1777ರಲ್ಲಿ ಆಗ್ಸ್‌ಬರ್ಗ್‌ನಿಂದ ಅಪ್ಪನಿಗೆ ಬರೆದ ಪತ್ರದಲ್ಲಿ ಸ್ಟೈನ್ ಮಾಡಿದ ಪಿಯಾನೊಗಳನ್ನು ಹೊಗಳಿದ್ದೇ ಹೊಗಳಿದ್ದು. ಅವುಗಳಲ್ಲಿ ಪೆಡಲ್ ಕೆಲಸವನ್ನು ಮೊಣಕಾಲು ಮಾಡುತ್ತಿತ್ತು, ಕೀಬೋರ್ಡ್ ಅಡಿಯಲ್ಲಿ ಒಂದು ಸನ್ನೆ. ಆ ಪಿಯಾನೊ ನಮ್ಮ ಈಗಿನದಕ್ಕಿಂತ ಹಗುರ, ಐದೇ ಆಕ್ಟೇವ್. ಬೇಸ್ ಸದ್ದು ತೆಳ್ಳಗೆ, ಸ್ಪಷ್ಟ. ಈಗಿನ ದೊಡ್ಡ ಪಿಯಾನೊದಲ್ಲಿ ಸಿ ಜಿ ಇ ಜಿ ನುಡಿಸಿದರೆ ಅದು ತಾನಾಗೇ ದಪ್ಪ ಆಗುತ್ತದೆ. ಪಾಪ, ನಿಮ್ಮ ಮಗಳ ತಪ್ಪು ಅರ್ಧ, ವಾದ್ಯದ್ದು ಅರ್ಧ.


ವೀಣೆ ಕ್ಲಾಸ್:

ಬಾಖ್ ಶೀಟ್‌ನಲ್ಲಿ ಬೇಸ್ ಸಾಲಿನ ಕೆಳಗೆ 6, 7, 4 ಅಂತ ಅಂಕಿ ಇರುತ್ತವಲ್ಲ, ಅವು ಬೆರಳಿನ ಗುರುತಾ?


ಲೈಪ್‌ಜಿಗ್‌ನಿಂದ:

ಅಲ್ಲ ಮೇಡಂ, ಅದು ಬರೋಕ್‌ನ ಬೆನ್ನೆಲುಬು. ಹೆಸರು ಬಾಸೊ ಕಂಟಿನ್ಯುವೊ. ಬರೆದವನು ಬೇಸ್ ಸಾಲು ಮಾತ್ರ ಕೊಟ್ಟು, ಅದರ ಮೇಲೆ ಯಾವ ದೂರದ ಸ್ವರಗಳನ್ನು ಕೂಡಿಸಬೇಕು ಅಂತ ಅಂಕಿಯಲ್ಲಿ ಸೂಚಿಸುತ್ತಾನೆ. 6 ಅಂದರೆ ಬೇಸ್‌ನಿಂದ ಆರನೆಯ ಸ್ವರ. ಚೆಲ್ಲೊನೋ ಬಸೂನೋ ಬೇಸ್ ಸಾಲನ್ನು ನುಡಿಸುತ್ತದೆ. ಹಾರ್ಪ್ಸಿಕಾರ್ಡ್ ಅಥವಾ ಆರ್ಗನ್ ನುಡಿಸುವವನು ಆ ಅಂಕಿ ನೋಡಿ ಅಲ್ಲೇ, ಆ ಕ್ಷಣಕ್ಕೆ ಕಾರ್ಡ್‌ಗಳನ್ನು ತುಂಬುತ್ತಾನೆ. ಎಷ್ಟು ತುಂಬಬೇಕು, ಹೇಗೆ ಬಿಡಿಸಬೇಕು, ಅದು ಅವನ ರುಚಿಗೆ ಬಿಟ್ಟದ್ದು. ಹಾಗಾಗಿ ಒಂದೇ ಕೃತಿಯ ಎರಡು ರೆಕಾರ್ಡಿಂಗ್‌ನಲ್ಲಿ ಹಾರ್ಪ್ಸಿಕಾರ್ಡ್ ಬೇರೆ ಬೇರೆ ನುಡಿಸಿರುತ್ತದೆ.


ವೀಣೆ ಕ್ಲಾಸ್:

ಅಂದರೆ ಪಕ್ಕವಾದ್ಯದವರ ಮನೋಧರ್ಮ. ಚೆನ್ನಾಗಿದೆ.


ಚೌಕಾಸಿ:

ಅಷ್ಟು ಬೇಗ ನೆಂಟಸ್ತನ ಬೆಳೆಸಬೇಡಿ ಅಮ್ಮಾ. ಅಲ್ಲಿ ಸ್ವಾತಂತ್ರ್ಯ ಇರುವುದು ಕಾರ್ಡ್ ತುಂಬುವುದರಲ್ಲಿ. ನಮ್ಮಲ್ಲಿ ಕಾರ್ಡೇ ಇಲ್ಲ. ಹಾಡುವವರ ಹಿಂದೆ ಹೋಗುವ ಪಿಟೀಲಿಗೂ ಅವರ ಅಂಕಿ ಓದುವ ಹಾರ್ಪ್ಸಿಕಾರ್ಡ್‌ಗೂ ಕೆಲಸ ಬೇರೆ.


ವೀಣೆ ಕ್ಲಾಸ್:

ಬರೆದದ್ದರ ಮೇಲೆ ಅಲ್ಲೇ ಯೋಚಿಸಿ ನುಡಿಸುವುದು ಅಂತ ಮಾತ್ರ ನಾನು ಹೇಳಿದ್ದು ಮಗಾ. ಪೂರ್ತಿ ಓದಿ.


ಚೌಕಾಸಿ:

ತಪ್ಪಾಯ್ತು ಅಮ್ಮಾ.


ಚೆಲ್ಲೊ ಹಿಡಿದವ:

ಕಂಟಿನ್ಯುವೊ ಹೋದದ್ದೇ ದೊಡ್ಡ ಬದಲಾವಣೆ ಅಂತ ನನ್ನ ಲೆಕ್ಕ. 1750ರ ನಂತರ ಮೆಲ್ಲಮೆಲ್ಲಗೆ ಆ ಹಾರ್ಪ್ಸಿಕಾರ್ಡಿನ ಝಲ್ ಝಲ್ ಆರ್ಕೆಸ್ಟ್ರಾದಿಂದ ಮರೆಯಾಯಿತು. ನಡುವಿನ ಜಾಗವನ್ನು ತುಂಬುವ ಕೆಲಸ ವಯೋಲಾ, ಹಾರ್ನ್, ಓಬೋಗಳಿಗೆ ಬಂತು. ಆಮೇಲೆ ಕ್ಲಾರಿನೆಟ್. ಎಲ್ಲವನ್ನೂ ಬರೆದೇ ಕೊಡಬೇಕಾಯಿತು.

ಪಿಯಾನೊ ಅಪ್ಪ, ಇದೊಂದು ಸುಲಭದ ಗುರುತು: ಆರ್ಕೆಸ್ಟ್ರಾ ಕೇಳುವಾಗ ಹಿಂದೆ ಗೆಜ್ಜೆಯ ಹಾಗೆ ಹಾರ್ಪ್ಸಿಕಾರ್ಡ್ ಸದ್ದು ಇದ್ದರೆ ನೂರಕ್ಕೆ ತೊಂಬತ್ತು ಸಲ ಬರೋಕ್.

ಜರ್ಮನಿಯ ಮ್ಯಾನ್‌ಹೈಮ್ ಅರಮನೆಯ ಆರ್ಕೆಸ್ಟ್ರಾವನ್ನು ಯೊಹಾನ್ ಸ್ಟಾಮಿಟ್ಸ್ ತಿದ್ದಿ ತೀಡಿದ. ಮೆಲ್ಲಗೆ ಶುರುವಾಗಿ ಇಡೀ ಆರ್ಕೆಸ್ಟ್ರಾ ಒಟ್ಟಿಗೆ ಉಬ್ಬುತ್ತಾ ಉಬ್ಬುತ್ತಾ ಹೋಗುವುದು ಅವರ ಖಾಸಾ ಕಸುಬು. ಅವರನ್ನು ಕೇಳಿದ ಇಂಗ್ಲೆಂಡಿನ ಸಂಗೀತ ಇತಿಹಾಸಕಾರ ಚಾರ್ಲ್ಸ್ ಬರ್ನಿ ಅದನ್ನು "ಸೇನಾಪತಿಗಳೇ ತುಂಬಿರುವ ಸೇನೆ" ಅಂತ ಬರೆದ. ಹಾರ್ಪ್ಸಿಕಾರ್ಡ್ ಎಷ್ಟು ಬೇಡಿಕೊಂಡರೂ ಈ ಉಬ್ಬುವಿಕೆ ಕೊಡಲು ಆಗುತ್ತಿರಲಿಲ್ಲ.


ಸಾಫ್ಟ್‌ವೇರ್ ಸಂಕಟ:

ಅಂದರೆ ನಾನು ಹೇಳಿದ ವಾಲ್ಯೂಮ್ ಥಿಯರಿ ಪೂರ್ತಿ ತಪ್ಪಲ್ಲ ಅಂತಾಯ್ತು.


ಪಿಟೀಲು ಪುಟ್ಟಿ:

ಪೂರ್ತಿ ಅಲ್ಲ, ಮುಕ್ಕಾಲು.


ಇತಿಹಾಸದ ಹುಳ:

ಎಲ್ಲರೂ ಏನು ಬದಲಾಯಿತು ಅಂತ ಹೇಳಿದಿರಿ. ಯಾಕೆ ಬದಲಾಯಿತು ಅಂತ ಸ್ವಲ್ಪ ನೋಡೋಣ.

ಮೊದಲನೆಯದಾಗಿ, ಬಾಖ್ ಸಾಯುವ ಮೊದಲೇ ಹಳಬನಾಗಿದ್ದ. 1737ರಲ್ಲೇ ಯೊಹಾನ್ ಆಡಾಲ್ಫ್ ಷೈಬೆ ಅನ್ನುವ ವಿಮರ್ಶಕ ಪತ್ರಿಕೆಯಲ್ಲಿ ಅವನ ಸಂಗೀತ ಉಬ್ಬಿದೆ, ಗೋಜಲು, ಸಹಜ ಅಲ್ಲ ಅಂತ ಬರೆದ. ಹೊಸಬರಿಗೆ ಬೇಕಿದ್ದದ್ದು ಒಂದು ಸಲ ಕೇಳಿದರೆ ಗುನುಗಬಹುದಾದ ಹಾಡು. ಬಾಖ್‌ನ ಮಕ್ಕಳೇ ಆ ಕಡೆ ಹೋದರು. ಒಬ್ಬ ಮಗ ಕಾರ್ಲ್ ಫಿಲಿಪ್ ಇಮ್ಯಾನುಯೆಲ್ ಪ್ರಷ್ಯದ ರಾಜ ಫ್ರೆಡರಿಕ್‌ನ ಆಸ್ಥಾನದಲ್ಲಿದ್ದ. ಕೊನೆಯ ಮಗ ಯೊಹಾನ್ ಕ್ರಿಸ್ಟಿಯನ್ ಲಂಡನ್ ಸೇರಿದ. 1764ರಲ್ಲಿ ಎಂಟು ವರ್ಷದ ಮೊಜಾರ್ಟ್ ಅಲ್ಲಿ ಅವನನ್ನು ಭೇಟಿಯಾದ. ಮೊಜಾರ್ಟ್ ಚಿಕ್ಕವನಿದ್ದಾಗ ಕಲಿತದ್ದು ಈ ಮಗ ಬಾಖ್‌ನಿಂದ, ಅಪ್ಪ ಬಾಖ್‌ನಿಂದ ಅಲ್ಲ.

ಬರೋಕ್ ಅನ್ನುವ ಪದವೂ ಮೊದಲು ಬೈಗುಳವೇ. ಪೋರ್ಚುಗೀಸರಲ್ಲಿ ಸೊಟ್ಟಗಿನ ಮುತ್ತಿಗೆ ಹಾಗೆ ಕರೆಯುತ್ತಿದ್ದರು. ರೂಸೋ 1768ರ ತನ್ನ ಸಂಗೀತ ನಿಘಂಟಿನಲ್ಲಿ ಬರೋಕ್ ಸಂಗೀತ ಅಂದರೆ ಗೊಂದಲದ ಹಾರ್ಮನಿ, ಅಪಸ್ವರ ತುಂಬಿದ್ದು ಅಂತ ಅರ್ಥ ಕೊಟ್ಟ.

ಎರಡನೆಯದು ಹೊಟ್ಟೆಪಾಡು. ಬಾಖ್ ಲೈಪ್‌ಜಿಗ್‌ನಲ್ಲಿ ಚರ್ಚ್‌ಗೆ ಭಾನುವಾರ ಭಾನುವಾರ ಸಂಗೀತ ಒದಗಿಸಬೇಕಿತ್ತು. ಹೈಡನ್ 1761ರಲ್ಲಿ ಎಸ್ತರ್‌ಹಾಜಿ ರಾಜಮನೆತನಕ್ಕೆ ಸೇರಿದಾಗ ಅವನ ಒಪ್ಪಂದದಲ್ಲಿ ಬಿಳಿ ಕಾಲುಚೀಲ, ಬಿಳಿ ಬಟ್ಟೆ, ಕೂದಲಿಗೆ ಪುಡಿ ಅಂತೆಲ್ಲ ಬರೆದಿತ್ತು. ದಿನಾ ಬೆಳಗ್ಗೆ, ಮಧ್ಯಾಹ್ನ ಬಾಗಿಲ ಹತ್ತಿರ ಬಂದು ಇವತ್ತು ಸಂಗೀತ ಬೇಕಾ ಅಂತ ಕೇಳಬೇಕಿತ್ತು. ರಾಜಕುಮಾರನಿಗೆ ಬ್ಯಾರಿಟನ್ ಅನ್ನುವ ವಿಚಿತ್ರ ವಾದ್ಯದ ಹುಚ್ಚು ಅಂತ ಅದಕ್ಕೇ 120ಕ್ಕೂ ಜಾಸ್ತಿ ಟ್ರಿಯೊ ಬರೆದ. 1772ರಲ್ಲಿ ರಜೆ ಸಿಗದೆ ಆರ್ಕೆಸ್ಟ್ರಾದವರು ಮನೆ ನೆನೆಸಿಕೊಂಡು ಒದ್ದಾಡುತ್ತಿದ್ದಾಗ ಒಂದು ಸಿಂಫನಿ ಬರೆದ. ಕೊನೆಯಲ್ಲಿ ಒಬ್ಬೊಬ್ಬರೇ ನುಡಿಸುವುದು ನಿಲ್ಲಿಸಿ, ಮೋಂಬತ್ತಿ ಆರಿಸಿ ಎದ್ದು ಹೋಗುತ್ತಾರೆ. ಉಳಿಯುವುದು ಎರಡೇ ಪಿಟೀಲು. ರಾಜಕುಮಾರನಿಗೆ ಅರ್ಥ ಆಯಿತಂತೆ.

ಆದರೆ 1791ರಲ್ಲಿ ಅದೇ ಹೈಡನ್ ಲಂಡನ್‌ಗೆ ಹೋದಾಗ ಟಿಕೆಟ್ ಕೊಂಡು ಬಂದ ಜನ ಎದುರಿಗಿದ್ದರು. ಟಿಕೆಟ್ ಕೊಂಡವನಿಗೆ ದಾರಿ ತಪ್ಪಬಾರದು, ಬೋರೂ ಆಗಬಾರದು. ಈಗ ನಾವು ಎಲ್ಲಿದ್ದೇವೆ, ಮನೆ ಬಿಟ್ಟು ಎಷ್ಟು ದೂರ ಬಂದೆವು, ಯಾವಾಗ ವಾಪಸ್ಸು, ಅದೆಲ್ಲ ಕೇಳಿಸಬೇಕು. ಸೊನಾಟಾ ಫಾರ್ಮ್ ಅನ್ನುವುದು ಅದೇ. ಮನೆಯ ಸ್ವರದಲ್ಲಿ ಒಂದು ವಿಷಯ, ಪಕ್ಕದೂರಿನ ಸ್ವರದಲ್ಲಿ ಇನ್ನೊಂದು. ಆಮೇಲೆ ಅಲೆದಾಟ, ಜಗಳ. ಕೊನೆಗೆ ಎರಡೂ ಮನೆಗೆ. ಹೈಡನ್‌ನ 94ನೇ ಸಿಂಫನಿ ಗೊತ್ತಲ್ವಾ, ಮಗುವಿನ ಹಾಡಿನಂಥ ಮೆಲ್ಲನೆಯ ಸ್ವರದ ನಡುವೆ ಧಡಾರ್ ಅಂತ ಒಂದು ಕಾರ್ಡ್. ಆ ತಮಾಷೆ ನಡೆಯುವುದು ಜನ ಮುಂದೇನು ಅಂತ ಊಹಿಸುತ್ತಿದ್ದರೆ ಮಾತ್ರ. ಸಮನಾದ ಸಾಲುಗಳು ಇದ್ದದ್ದರಿಂದಲೇ ಊಹೆ, ಊಹೆ ಇದ್ದದ್ದರಿಂದಲೇ ಬೆಚ್ಚಿಬೀಳುವುದು.

ಅದನ್ನು ಲಂಡನ್‌ನಲ್ಲಿ ಮೊದಲು ನುಡಿಸಿದ್ದು 1792ರ ಮಾರ್ಚ್ 23ಕ್ಕೆ. ಸುಮ್ನೆ ಒಂದು ಅಡ್ಡಮಾತು: ಅದೇ ಮಾರ್ಚ್‌ನಲ್ಲಿ ಇಲ್ಲಿ ಶ್ರೀರಂಗಪಟ್ಟಣದ ಒಪ್ಪಂದ ಆಗಿ ಟಿಪ್ಪು ತನ್ನ ಅರ್ಧ ರಾಜ್ಯ ಬಿಟ್ಟುಕೊಟ್ಟ. ಆ ಸುದ್ದಿ ಹಡಗಿನಲ್ಲಿ ಲಂಡನ್ ತಲುಪಲು ತಿಂಗಳುಗಳೇ ಬೇಕಿತ್ತು. ಹಾಗಾಗಿ ಆ ಸಂಜೆ ಹಾಲ್‌ನಲ್ಲಿ ಕೂತವರನ್ನು ಬೆಚ್ಚಿಬೀಳಿಸಿದ್ದು ಹೈಡನ್ ಒಬ್ಬನೇ.


ಪಿಟೀಲು ಪುಟ್ಟಿ:

ಅಡ್ಡಮಾತಿಗೇ ಜಾಸ್ತಿ ಲೈಕ್ ಬೀಳುತ್ತೆ ನೋಡಿ.


ಚೌಕಾಸಿ:

ನನ್ನದು ಇನ್ನೊಂದು ಬಾಣ ಉಳಿದಿದೆ. ಪಿಯಾನೊ ಕಲಿತ ಪ್ರತಿಯೊಬ್ಬರೂ ನುಡಿಸುವ ಮಿನುಯೆಟ್ ಇನ್ ಜಿ. ಡಿ, ಜಿ ಎ ಬಿ ಸಿ, ಡಿ, ಜಿ, ಜಿ. ಬಾಖ್‌ನದ್ದು. ಅದರಲ್ಲಿ ಎಂಟೆಂಟು ಬಾರ್‌ನ ಅಚ್ಚುಕಟ್ಟು ಸಾಲು, ಎಲ್ಲಿ ಬೇಕಾದರೂ ಉಸಿರು, ಗುನುಗಬಹುದಾದ ಹಾಡು. ನೀವು ಕ್ಲಾಸಿಕಲ್‌ಗೆ ಹೇಳಿದ ಲಕ್ಷಣ ಎಲ್ಲಾ ಇದೆ. ಈಗೇನಂತೀರಿ?


ಲೈಪ್‌ಜಿಗ್‌ನಿಂದ:

ಅದು ಬಾಖ್‌ನದ್ದಲ್ಲ ಅಂತೀನಿ.

ಬಾಖ್ ತನ್ನ ಎರಡನೇ ಹೆಂಡತಿ ಆನಾ ಮಾಗ್ದಲೇನಾಗೆ 1725ರಲ್ಲಿ ಒಂದು ನೋಟ್‌ಬುಕ್ ಕೊಟ್ಟಿದ್ದ. ಮನೆಯವರು ಇಷ್ಟಪಟ್ಟದ್ದನ್ನೆಲ್ಲ ಅದರಲ್ಲಿ ಬರೆದುಕೊಳ್ಳುತ್ತಿದ್ದರು, ಬರೆದವರ ಹೆಸರು ಹಲವು ಕಡೆ ಹಾಕಿಲ್ಲ. ಆ ಮಿನುಯೆಟ್ ಬರೆದದ್ದು ಡ್ರೆಸ್ಡೆನ್‌ನ ಆರ್ಗನ್ ವಾದಕ ಕ್ರಿಸ್ಟಿಯನ್ ಪೆಟ್ಸೋಲ್ಡ್ ಅಂತ 1970ರ ದಶಕದಲ್ಲಿ ಗೊತ್ತಾಯಿತು. ಈಗಲೂ ಎಷ್ಟೋ ಪುಸ್ತಕಗಳಲ್ಲಿ ಬಾಖ್ ಅಂತಲೇ ಅಚ್ಚಾಗುತ್ತದೆ.


ಚೌಕಾಸಿ:

ಮೂವತ್ತು ವರ್ಷ ಬಾಖ್ ನುಡಿಸಿದೆ ಅಂತ ಎಲ್ಲರಿಗೂ ಹೇಳಿಕೊಂಡು ಬಂದಿದ್ದೀನಿ. ಹೊಟ್ಟೆ ಉರೀತಿದೆ.


ಚೆಲ್ಲೊ ಹಿಡಿದವ:

ಬಿಡಿ, ನಿಮ್ಮ ಬಾಣ ಗುರಿಗೇ ಬಿದ್ದಿದೆ. ಯಾರೇ ಬರೆದಿರಲಿ, ಅದು 1725ರ ಸುಮಾರಿನದ್ದು. ಅಂದರೆ ಬಾಖ್ ಮನೆಯ ನೋಟ್‌ಬುಕ್‌ನೊಳಗೇ ಹೊಸ ರುಚಿ ನುಸುಳಿತ್ತು. ಕುಣಿತದ ಸಂಗೀತಕ್ಕೆ ಹೆಜ್ಜೆಗಳ ಲೆಕ್ಕ ಬೇಕು, ಹಾಗಾಗಿ ಅಲ್ಲಿ ಸಾಲುಗಳು ಮೊದಲಿಂದಲೂ ಸಮ. ಕ್ಲಾಸಿಕಲ್‌ನವರು ಆ ಕುಣಿತದ ಲೆಕ್ಕವನ್ನು ಎಲ್ಲ ಕಡೆಗೂ ತಂದರು ಅಂತ ಹೇಳಬಹುದು.

ಆದರೆ ಅದರಲ್ಲೂ ಎಡಗೈ ನೋಡಿ. ಜಿ, ಎ, ಬಿ, ಸಿ ಅಂತ ಹತ್ತಿ, ಬಿ, ಎ, ಜಿ ಅಂತ ಇಳಿಯುತ್ತದೆ. ಎಂಟನೇ ಬಾರ್‌ನಲ್ಲಿ ಬಲಗೈ ನಿಂತಾಗ ಎಡಗೈ ತಾನೇ ಡಿ ಸಿ ಬಿ ಎ ಅಂತ ಮುಂದಿನ ಸಾಲಿಗೆ ಮೆಟ್ಟಿಲು ಹಾಕುತ್ತದೆ. ತೊಟ್ಟಿಲು ತೂಗುತ್ತಿಲ್ಲ, ನಡೆಯುತ್ತಿದೆ. ನನ್ನ ಮಾತು ಉಳಿಯಿತು!

ಇದಕ್ಕೆ ಉಲ್ಟಾನೂ ಇದೆ. 1782ರಿಂದ ಮೊಜಾರ್ಟ್ ವಿಯೆನ್ನಾದಲ್ಲಿ ಪ್ರತಿ ಭಾನುವಾರ ಮಧ್ಯಾಹ್ನ ಬ್ಯಾರನ್ ಫಾನ್ ಸ್ವೀಟನ್ ಮನೆಗೆ ಹೋಗುತ್ತಿದ್ದ. ಅಲ್ಲಿ 'ಹ್ಯಾಂಡಲ್ ಮತ್ತು ಬಾಖ್ ಬಿಟ್ಟು ಬೇರೇನೂ ನುಡಿಸುವುದಿಲ್ಲ' ಅಂತ ಅಪ್ಪನಿಗೆ ಬರೆದ. ಬಾಖ್‌ನ ಫ್ಯೂಗ್‌ಗಳನ್ನು (ಒಂದೇ ವಿಷಯವನ್ನು ಹಲವು ದನಿಗಳು ಒಂದರ ಹಿಂದೆ ಒಂದು ಹಿಡಿಯುವ ಕೃತಿಗಳು) ತಂತಿವಾದ್ಯಗಳಿಗೆ ಹೊಂದಿಸಿದ. 1789ರಲ್ಲಿ ಹ್ಯಾಂಡಲ್‌ನ 'ಮೆಸಾಯ'ಗೆ ಹೊಸ ವಾದ್ಯಗಳನ್ನು ಸೇರಿಸಿದ. ಅವನ ಕೊನೆಯ ಸಿಂಫನಿ 'ಜುಪಿಟರ್', 1788ರದ್ದು, ಅದರ ಕೊನೆಯ ಭಾಗದಲ್ಲಿ ಐದು ವಿಷಯಗಳು ಒಂದರ ಮೇಲೊಂದು ಏರಿ ಕುಣಿಯುತ್ತವೆ. ಅದು ಪಕ್ಕಾ ಬರೋಕ್ ವಿದ್ಯೆ, ಕ್ಲಾಸಿಕಲ್ ಮನೆಯೊಳಗೆ. ಕಣ್ಣು ಮುಚ್ಚಿ ಕೇಳಿದರೆ ಯಾವ ಡಬ್ಬಿಗೆ ಹಾಕುವುದು ಅಂತ ನನಗೂ ಗೊಂದಲ ಆಗುತ್ತದೆ.


ಪಿಯಾನೊ ಅಪ್ಪ:

ಎರಡು ದಿನ ಕೂತು ಎಲ್ಲವನ್ನೂ ಓದಿದೆ. ಯಾರಿಗೆ ಅಂತ ಥ್ಯಾಂಕ್ಸ್ ಹೇಳಲಿ.

ನಿನ್ನೆ ರಾತ್ರಿ ಚೆಲ್ಲೊ ಸರ್ ಹೇಳಿದ ಹಾಗೆ ಮಗಳಿಂದ ಎರಡರದ್ದೂ ಎಡಗೈ ಮಾತ್ರ ನುಡಿಸಿದೆ. ಅಡುಗೆಮನೆಯಲ್ಲಿದ್ದ ಹೆಂಡತಿಗೆ ಏನೂ ಹೇಳಿರಲಿಲ್ಲ. ಮೊದಲನೆಯದಕ್ಕೆ ಏನೂ ಅನ್ನಲಿಲ್ಲ. ಎರಡನೆಯದು ಒಂದು ನಿಮಿಷ ಆಗುವಷ್ಟರಲ್ಲಿ "ಅದೇನು ಒಂದೇ ಸಮ, ಮುಂದೆ ಹೋಗ್ರೀ" ಅಂತ ಕೂಗಿದಳು. ಪರೀಕ್ಷೆ ಮುಗೀತು.

ಆಮೇಲೆ ಬಲಗೈ ಸೇರಿಸಿ, ಎಡಗೈಯನ್ನು ಅರ್ಧಕ್ಕಿಂತ ಕಮ್ಮಿ ಮಾಡಿ, ಎರಡೆರಡು ಬಾರ್‌ಗೆ ಕೈ ಸ್ವಲ್ಪ ಎತ್ತಿ ನುಡಿಸಿದಳು. ನಿಜವಾಗಲೂ ಬೇರೆಯೇ ಕೇಳಿತು. ಬಾಖ್‌ಗೆ ಪೆಡಲ್ ಮೇಲಿಂದ ಕಾಲು ತೆಗೆಸಿದ್ದೇನೆ, ಚಪ್ಪಲಿ ಕುರ್ಚಿ ಹಿಂದೆ ಇಟ್ಟಿದ್ದೇವೆ. ಬೆರಳು ಒದ್ದಾಡುತ್ತಿದೆ, ಎರಡು ವಾರ ಬೇಕು ಅಂತಾಳೆ.

ಒಂದು ಕೊನೆಯ ಪ್ರಶ್ನೆ. ಇನ್ವೆನ್ಷನ್‌ನಲ್ಲಿ ಅಲ್ಲಲ್ಲಿ ನೋಟ್ ಮೇಲೆ ಅಲೆಯ ಹಾಗೆ ಒಂದು ಗುರುತು ಇದೆ. ಅದನ್ನು ಇರುವ ನೋಟ್‌ನಿಂದ ಶುರು ಮಾಡಬೇಕಾ, ಮೇಲಿನ ನೋಟ್‌ನಿಂದಾ? ಮಗಳು ಒಂದು ಹೇಳುತ್ತಾಳೆ, ಟೀಚರ್ ಒಂದು.


ಪಿಟೀಲು ಪುಟ್ಟಿ:

ಗುರುತಿನ ನಡುವೆ ಉದ್ದಗೆರೆ ಇದೆಯಾ ನೋಡಿ. ಗೆರೆ ಇಲ್ಲದ ಅಲೆ ಆದರೆ ಟ್ರಿಲ್, ಮೇಲಿನ ನೋಟ್‌ನಿಂದ ಶುರು. ಗೆರೆ ಇದ್ದರೆ ಮಾರ್ಡೆಂಟ್, ಇರುವ ನೋಟ್‌ನಿಂದ ಶುರು ಮಾಡಿ ಕೆಳಗಿನದನ್ನು ಮುಟ್ಟಿ ವಾಪಸ್ಸು. ಬಾಖ್ ತನ್ನ ದೊಡ್ಡ ಮಗ ವಿಲ್ಹೆಲ್ಮ್ ಫ್ರೀಡೆಮನ್‌ಗೆ 1720ರಲ್ಲಿ ಶುರು ಮಾಡಿಕೊಟ್ಟ ಪುಸ್ತಕದಲ್ಲಿ ಇವನ್ನೆಲ್ಲ ಸಾಲಾಗಿ ಬಿಡಿಸಿ ಬರೆದಿದ್ದಾನೆ. ಆಗ ಆ ಹುಡುಗನಿಗೆ ಒಂಬತ್ತು ವರ್ಷ.


ಪಿಯಾನೊ ಅಪ್ಪ:

ಗೆರೆ ಇಲ್ಲ. ಹಾಗಾದರೆ ಮಗಳು ಹೇಳಿದ್ದೇ ಸರಿ. ಟೀಚರ್‌ಗೆ ಹೇಳುವುದು ಹೇಗೆ ಅಂತ ಬೇರೆ ಥ್ರೆಡ್ ಶುರು ಮಾಡುತ್ತೇನೆ.